ಮೇಷ್ಟ್ರಾಗಲು ಒಂದು ಕಾರಣ ಬೇಕಾಗಿದೆ

ತಾಪತ್ರಯ ಶುರುವಾದದ್ದು ಬೆಳಿಗ್ಗೆ ಎಂಟು ಗಂಟೆಗೆ ಮೊಬೈಲಿಗೆ ಬಂದ ಒಂದು ಮೆಸೇಜಿನಿಂದ. ಕಳಿಸಿದವರು ಇಂಗ್ಲಿಷ್ ಕಲಿಕಾ ಕೇಂದ್ರದ ಪ್ರಿನ್ಸಿಪಾಲರು.

"ಎಲ್ಲ ಶಿಕ್ಷಕರ ಗಮನಕ್ಕೆ. ಮುಂದಿನ ತಿಂಗಳಿಂದ ಸಂಜೆಯ ಎರಡೂ ತರಗತಿಗಳು ಸೇರಿ ಒಂದಾಗುತ್ತವೆ. ಒಬ್ಬ ಶಿಕ್ಷಕರು ಸಾಕು. ಆರಿಸಲು ಇಂದು ನಾಲ್ಕು ಗಂಟೆಗೆ ಹೆಡ್ ಆಫೀಸಿನ ಮೇಡಂ ಬರುತ್ತಾರೆ. ನೀವು ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಬಂದದ್ದು ಏಕೆ ಎಂದು ಒಂದು ಪುಟ ಬರೆದು, ನಿಮಗೆ ಸ್ಫೂರ್ತಿಯಾದವರ ಫೋಟೋ ಅಂಟಿಸಿಕೊಂಡು ಬನ್ನಿ."

ಎಲ್ಲ ಶಿಕ್ಷಕರು ಎಂದರೆ ಒಟ್ಟು ಇಬ್ಬರು. ಒಬ್ಬರು ಉಚ್ಚಾರಣೆ ಸಾರ್. ನೀರು ಕುಡಿಯುವಾಗಲೂ ತುಟಿಯನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಯೋಚಿಸುವ ಮನುಷ್ಯ. ಇನ್ನೊಬ್ಬರು ನಮ್ಮ ಮೇಷ್ಟ್ರು.

ಮೇಷ್ಟ್ರಿಗೆ ಕಾರಣವೇನೋ ಇತ್ತು. ಆದರೆ ಅದು ಹೆಡ್ ಆಫೀಸಿಗೆ ಬರೆದುಕೊಡುವಂಥದ್ದಾಗಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಅವರ ಅತ್ತೆ ಹದಿನೈದು ದಿನ ಇದ್ದು ಹೋಗುತ್ತೇನೆಂದು ಮಗಳ ಮನೆಗೆ ಬಂದಿದ್ದರು. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ. ಅತ್ತೆ ಮೂವತ್ತಮೂರು ವರ್ಷ ದೊಡ್ಡ ಕಚೇರಿಯೊಂದರಲ್ಲಿ ಇಂಗ್ಲಿಷ್ ಟೈಪಿಸ್ಟಾಗಿದ್ದವರು. ಸಾಹೇಬರುಗಳು ಗೀಚಿಕೊಟ್ಟ ಕಾಗದಗಳನ್ನು ಅವರಿಗೆ ಗೊತ್ತಾಗದಂತೆ ತಿದ್ದಿ ಟೈಪು ಮಾಡಿ ಎಷ್ಟೋ ಜನರ ಮಾನ ಉಳಿಸಿದವರು. ನಿವೃತ್ತಿಯಾದ ಮೇಲೆ ಸಾಹೇಬರು ಇರಲಿಲ್ಲ. ತಿದ್ದುವ ಕೈ ಮಾತ್ರ ಹಾಗೇ ಇತ್ತು. ಅದಕ್ಕೆ ಅಳಿಯ ಸಿಕ್ಕಿದರು. ಅಳಿಯ ಚಪ್ಪಲಿ ಬಿಡುವುದು, ಟವೆಲ್ ಹಿಂಡುವುದು, ಸೀನುವುದು ಎಲ್ಲದರಲ್ಲೂ ಅತ್ತೆಗೆ ತಪ್ಪು ಕಾಣುತ್ತಿತ್ತು. ಮಾತಿನ ಪಾಡಂತೂ ಕೇಳುವುದೇ ಬೇಡ. "ನಾನು ಏನು ಹೇಳ್ತೀನಿ ಅಂದ್ರೆ" ಎಂಬಲ್ಲಿಂದ ಮುಂದಕ್ಕೆ ಮೇಷ್ಟ್ರ ಒಂದು ವಾಕ್ಯವೂ ಆ ಮನೆಯಲ್ಲಿ ಹೋಗಿರಲಿಲ್ಲ.

ಆಗ ಅವರು ಪಾರ್ಸೆಲ್ ಆಫೀಸಿನಲ್ಲಿ ರಸೀದಿ ಬರೆಯುತ್ತಿದ್ದರು. ಕೇಂದ್ರದಲ್ಲಿ ಯಾರೋ ರಜೆ ಹಾಕಿದ್ದರೆಂದು ಒಂದು ದಿನದ ಮಟ್ಟಿಗೆ ಪಾಠಕ್ಕೆ ಹೋದರು. ಹಲಗೆಯ ಮುಂದೆ ನಿಂತು, "ನಾನು ಹೇಳಿದ ಹಾಗೆ ಹೇಳಿ" ಎಂದು ಒಂದು ಇಂಗ್ಲಿಷ್ ವಾಕ್ಯ ಹೇಳಿದರು. ಮೂವತ್ತು ಜನ, ಅದರಲ್ಲೂ ಮೀಸೆ ಹೊತ್ತ ಲಾರಿ ಡ್ರೈವರುಗಳು, ಆಸ್ಪತ್ರೆಯ ಆಯಾಗಳು, ಒಬ್ಬ ಕ್ಷೌರಿಕ, ಎಲ್ಲರೂ ಕೈಕಟ್ಟಿ ಅದನ್ನೇ ಹೇಳಿದರು. ಮೇಷ್ಟ್ರಿಗೆ ಮೈ ಜುಮ್ಮೆಂದಿತು. ತನ್ನ ಮಾತನ್ನು ಕೊನೆಯವರೆಗೂ ಕೇಳಿದರು! ಕೇಳಿದ್ದಷ್ಟೇ ಅಲ್ಲ, ಮತ್ತೆ ಹೇಳಿದರು! ಮರುವಾರವೇ ಪಾರ್ಸೆಲ್ ಆಫೀಸಿಗೆ ಕೈಮುಗಿದು ಹೊರಬಂದರು. ಅಂದಿನಿಂದ ಸಂಜೆಯ ಆ ಎರಡು ಗಂಟೆಯೇ ಅವರಿಗೆ ಉಸಿರು. ಈಗ ಅದಕ್ಕೇ ಸಂಚಕಾರ ಬಂದಿತ್ತು.

"ಏನಾದ್ರೂ ಬರೀರಿ" ಎಂದಳು ಹೆಂಡತಿ, ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ. "ಭಾಷೆ ಮೇಲೆ ಪ್ರೀತಿ ಅಂತ ಬರೀರಿ."

"ಫೋಟೋ ಬೇಕಂತೆ ಕಣೇ. ಪ್ರೀತಿ ಅಂತ ಬರೆದು ಯಾರ ಫೋಟೋ ಅಂಟಿಸಲಿ?"

"ಯಾರದಾದ್ರೂ ಅಂಟಿಸಿ, ನನಗೆ ಗೊತ್ತಿಲ್ಲದ ಹೆಂಗಸಿಂದು ಮಾತ್ರ ಬೇಡ" ಎಂದು ಬಾಗಿಲು ಎಳೆದುಕೊಂಡು ಹೋದಳು.

ಮೇಷ್ಟ್ರು ಹಾಳೆ ಹರಡಿ ಕೂತರು. ಒಳಗಿನಿಂದ ಅತ್ತೆಯ ದನಿ ಬಂತು. "ಅಳಿಯಂದ್ರೇ, ಪೆನ್ನು ಹಾಗೆ ಹಿಡೀಬೇಡಿ. ಚಮಚ ಅಲ್ಲ ಅದು."

ಹಾಳೆ ಎತ್ತಿಕೊಂಡು ಮೇಷ್ಟ್ರು ಮೆಟ್ಟಿಲ ಮೇಲೆ ಬಂದು ಕೂತರು. ಎದುರುಮನೆ ಅಕ್ಕ ಅಲ್ಲೇ ಬಟ್ಟೆ ಹರವುತ್ತಿದ್ದರು. ಬೀದಿಯಲ್ಲಿ ಯಾರಿಗೆ ಯಾವ ಕಷ್ಟ ಬಂದರೂ ಯಾರೂ ಕೇಳದೆಯೇ ಅವರು ಪರಿಹಾರ ಕೊಡುತ್ತಿದ್ದರು. ಮೇಷ್ಟ್ರು ತಮ್ಮ ಸಂಕಟ ಹೇಳಿಕೊಂಡರು.

"ಅಯ್ಯೋ ಮೇಷ್ಟ್ರೇ, ಇಷ್ಟೇನಾ? ಕಣ್ಣೀರು ಬೇಕು ಕಣ್ರೀ, ಕಣ್ಣೀರು!" ಎಂದರು ಅಕ್ಕ, ಬಾಯಲ್ಲಿದ್ದ ಕ್ಲಿಪ್ಪು ತೆಗೆದು. "ಓದು ಬಾರದ ಒಬ್ಬ ಮುದುಕಿ. ಔಷಧಿ ಬಾಟ್ಲಿ ಮೇಲೆ ಇಂಗ್ಲಿಷು. ಪಾಪ, ಕಿವಿಗೆ ಬಿಡೋದನ್ನ ಕಣ್ಣಿಗೆ ಬಿಟ್ಕೊಂಡ್ಲು. ಅವಳ ಗೋಳು ನೋಡಿ ಅವತ್ತೇ ನೀವು ಶಪಥ ಮಾಡಿದ್ರಿ. ಹೇಗೆ?"

"ಚೆನ್ನಾಗಿದೆ. ಮುದುಕಿ ಯಾರು?"

"ಫೋಟೋ ಯಾರದು ಇದೆಯೋ ಅವರೇ ಮುದುಕಿ!"

ಮೇಷ್ಟ್ರು ಮೊಬೈಲು ತಡಕಿದರು. ಅದರಲ್ಲಿ ಮುದುಕಿಯ ಫೋಟೋ ಎಂದು ಇದ್ದದ್ದು ಒಂದೇ. ಮೇಷ್ಟ್ರ ಮಗಳು ತಮಾಷೆಗೆ ತೆಗೆದದ್ದು. ಅತ್ತೆ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಮಡಿಲಲ್ಲಿ ಜಾರಿಬಿದ್ದ ಇಂಗ್ಲಿಷ್ ಪೇಪರು ತಲೆಕೆಳಗಾಗಿತ್ತು. ಅಕ್ಷರ ಬಾರದವರೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಕ್ಕೀತು? ನಾಲ್ಕಕ್ಕೆ ತೋರಿಸಿ ಐದಕ್ಕೆ ಹರಿದು ಹಾಕಿದರಾಯಿತು, ಅತ್ತೆಯ ಕಿವಿಗೇಕೆ ಬೀಳುತ್ತದೆ ಎಂದು ಮೇಷ್ಟ್ರು ಧೈರ್ಯ ತಂದುಕೊಂಡರು.

ಅಕ್ಕ ಹೇಳಿದ ಕತೆಯನ್ನೇ ಮೊಬೈಲಿನಲ್ಲಿ ಬರೆದು, ಊಟ ಮುಗಿಸಿ, ಅದನ್ನೂ ಫೋಟೋವನ್ನೂ ಪ್ರಿಂಟು ಹಾಕಿಸಲು ಜೆರಾಕ್ಸ್ ಅಂಗಡಿಗೆ ಹೋದರು. ಅಂಗಡಿಯವನು ಪ್ರಿಂಟು ತೆಗೆಯುವಾಗ ಓದದೆ ಬಿಡುವ ಜಾತಿಯವನಲ್ಲ. ಅರ್ಧಕ್ಕೇ ಅವನ ಮೂಗು ಸೊರ್ ಎಂದಿತು.

"ಸಾರ್, ನಮ್ಮವ್ವನ್ನ ನೋಡಿದಂಗಾಯ್ತು."

"ಆಯ್ತಪ್ಪ, ಬೇಗ ಕೊಡು. ಯಾರಿಗೂ ಹೇಳಬೇಡ."

"ಹೇಳಬೇಡ ಅಂದ್ರೇನು ಸಾರ್! ಇಂಥದ್ದು ಊರಿಗೆಲ್ಲ ಗೊತ್ತಾಗಬೇಕು."

ಮೇಷ್ಟ್ರು ಅವಸರದಲ್ಲಿ ಆ ಮಾತಿಗೆ ಗಮನ ಕೊಡಲಿಲ್ಲ. ಅಂಟು, ಕವರು ಕೊಂಡು ಅರ್ಧ ಗಂಟೆಯ ಮೇಲೆ ಅದೇ ದಾರಿಯಲ್ಲಿ ಬರುವಾಗ ಅಂಗಡಿಯ ಮುಂದೆ ಜನ ಸೇರಿದ್ದರು. ಗಾಜಿನ ಬಾಗಿಲ ತುಂಬ ಅತ್ತೆ! ಬಾಗಿಲಷ್ಟೇ ದೊಡ್ಡ ಅತ್ತೆ, ಗುಹೆಯಂಥ ಬಾಯಿ, ತಲೆಕೆಳಗಾದ ಪೇಪರು. ಕೆಳಗೆ ದಪ್ಪಕ್ಷರದಲ್ಲಿ, "ಅಕ್ಷರ ಬಾರದ ತಾಯಿಯ ಕಣ್ಣೀರ ಕತೆ."

ಮೇಷ್ಟ್ರು ನುಗ್ಗಿ ಹೋಗಿ ಪೋಸ್ಟರಿನ ಮೂಲೆಗೆ ಕೈ ಹಾಕಿದರು.

"ಏಯ್, ಆ ತಾಯಿ ಫೋಟೋ ಮುಟ್ಟಬೇಡ್ರೀ!" ಎಂದು ಒಬ್ಬ ತೋಳು ಹಿಡಿದ. "ಮನುಷ್ಯತ್ವ ಇಲ್ವಾ ನಿಮಗೆ?" ಎಂದು ಇನ್ನೊಬ್ಬಳು ಚೀಲ ಎತ್ತಿದಳು.

"ಇವರು... ಇವರು ನನ್ನ..." ಎನ್ನುವಷ್ಟರಲ್ಲಿ ಹಿಂದಿನಿಂದ ಪರಿಚಿತ ದನಿಯೊಂದು ಬಂತು. "ಅಯ್ಯಯ್ಯೋ, ಇದು ನಿಮ್ಮತ್ತೆ ಅಲ್ವಾ ಮೇಷ್ಟ್ರೇ!"

ಎದುರುಮನೆ ಅಕ್ಕ. ಕೈಯಲ್ಲಿ ತರಕಾರಿ, ಮುಖದಲ್ಲಿ ಹಬ್ಬ. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಆಕೆ ಮನೆಯ ಕಡೆ ತಿರುಗಿಯಾಗಿತ್ತು. ಮೊಣಕಾಲು ನೋವೆಂದು ವರ್ಷವಿಡೀ ನರಳುವ ಹೆಂಗಸು ಅಂದು ಹೊರಟ ವೇಗಕ್ಕೆ ಸೈಕಲ್ ಕೂಡ ಹಿಂದೆ ಬೀಳುತ್ತಿತ್ತು. ಗಡಿಯಾರ ನೋಡಿದರೆ ನಾಲ್ಕಕ್ಕೆ ಹತ್ತು ನಿಮಿಷ. ಮನೆಗೆ ಓಡಲೋ, ಕೇಂದ್ರಕ್ಕೆ ಓಡಲೋ? ಕಾಲುಗಳು ತಾವಾಗಿಯೇ ಅತ್ತೆಯಿಂದ ದೂರದ ದಿಕ್ಕಿಗೆ ಓಡಿದವು.

ಕೇಂದ್ರವಿದ್ದದ್ದು ಲಾಂಡ್ರಿಯ ಮೇಲಿನ ಮಹಡಿಯಲ್ಲಿ. ಕೆಳಗಿನ ಇಸ್ತ್ರಿಯ ಬಿಸಿ ನೆಲದಿಂದ ಏರಿ ಬರುತ್ತಿತ್ತು. ಮೇಡಂ ಕನ್ನಡಕದ ಮೇಲಿಂದ ನೋಡುವ ಹೆಂಗಸು. ಪಕ್ಕದಲ್ಲಿ ಪ್ರಿನ್ಸಿಪಾಲರು ಮದುವೆ ಮನೆಯ ಹುಡುಗಿಯ ತಂದೆಯಂತೆ ಮುದುರಿ ಕೂತಿದ್ದರು. ಉಚ್ಚಾರಣೆ ಸಾರ್ ಎದ್ದು ಗಂಟಲು ಸರಿಮಾಡಿಕೊಂಡು ಓದತೊಡಗಿದರು.

"ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಒಂದು ದಿನ ಕಿವಿಗೆ ಬಿಡುವ ಔಷಧಿಯನ್ನು ಕಣ್ಣಿಗೆ..."

ಮೇಷ್ಟ್ರ ಕೈಯ ಕವರು ಕೆಳಗೆ ಬಿತ್ತು. ಉಚ್ಚಾರಣೆ ಸಾರ್ ಹೆಂಡತಿಗೂ ಎದುರುಮನೆ ಅಕ್ಕನಿಗೂ ದಿನಾ ಫೋನಿನಲ್ಲಿ ಮಾತಿದೆಯೆಂಬುದು ಅವರಿಗೆ ಹೊಳೆದದ್ದು ಆಗ. ಸಾರ್ ಕಣ್ಣೊರೆಸಿಕೊಂಡು ಕೂತರು. ಮೇಷ್ಟ್ರಿಗೆ ಬೇರೆ ದಾರಿ ಇರಲಿಲ್ಲ. ಎದ್ದು, ಕಿವಿ ಇದ್ದ ಕಡೆ ಮೂಗು ಎಂದು ಓದಿದರು.

ಮೇಡಂ ಕನ್ನಡಕ ತೆಗೆದರು. "ಒಂದು ವಿಷಯ ಕೇಳ್ತೀನಿ. ಈ ಊರಲ್ಲಿ ಮುದುಕಿಯರಿಗೆ ಔಷಧಿ ಹಾಕೋಕೆ ಮನೇಲಿ ಯಾರೂ ಇರಲ್ವಾ?"

ಆಗಲೇ ಬಾಗಿಲು ತೆರೆಯಿತು. ಅತ್ತೆ ನಿಂತಿದ್ದರು. ಕಂಕುಳಲ್ಲಿ ಸುರುಳಿ ಸುತ್ತಿದ ಪೋಸ್ಟರು. ಪೋಸ್ಟರು ಕಿತ್ತದ್ದು ಹೇಗೆಂದು ಜೆರಾಕ್ಸ್‌ನವನನ್ನು ಕೇಳಬೇಕು. ಅವನು ಇಂದಿಗೂ ಹೇಳುವುದಿಲ್ಲ.

ಮೇಡಂ ಫೋಟೋ ನೋಡಿದರು, ಅತ್ತೆಯನ್ನು ನೋಡಿದರು. "ಅಮ್ಮಾ, ಇದು ನೀವೇ ಅಲ್ವಾ?"

"ಒಂದು ನಿಮಿಷ ಮೇಡಂ" ಎಂದು ಮೇಷ್ಟ್ರು ಹಾರಿ ಅತ್ತೆಯನ್ನು ಬಾಗಿಲಾಚೆ ಕರೆದುಕೊಂಡು ಹೋದರು.

"ನನಗೆ ಅಕ್ಷರ ಬರಲ್ವಾ ಅಳಿಯಂದ್ರೇ?" ಅತ್ತೆಯ ದನಿ ಮೆಲ್ಲಗಿತ್ತು, ಮೇಷ್ಟ್ರಿಗೆ ಭಯ ಹುಟ್ಟಿಸಿದ್ದು ಅದೇ. "ಮೂವತ್ತಮೂರು ವರ್ಷ! ಕಿವಿ ಔಷಧಿ ಕಣ್ಣಿಗೆ ಬಿಟ್ಕೊಂಡ್ನಾ ನಾನು?"

"ತಪ್ಪಾಯ್ತು ಅತ್ತೆ. ಇದೊಂದು ಸಲ ಹೌದು ಅಂದ್ಬಿಡಿ. ಇಲ್ದಿದ್ರೆ ಕೆಲಸ ಹೋಗುತ್ತೆ."

"ಹೋಗಲಿ! ಹೋದ್ರೆ ಏನಾಗುತ್ತೆ?"

"ಏನಾಗುತ್ತೆ? ಬೆಳಿಗ್ಗೆಯಿಂದ ರಾತ್ರಿವರೆಗೂ ನಾನು ಮನೇಲೇ ಇರ್ತೀನಿ."

ಅತ್ತೆ ಮನಸ್ಸಿನಲ್ಲಿ ಆ ಚಿತ್ರವನ್ನು ಒಂದು ಸಲ ನೋಡಿಕೊಂಡರು. ಸಂಜೆ ಧಾರಾವಾಹಿಯ ಹೊತ್ತಿಗೆ ಸೋಫಾದ ಮೇಲೆ ಸೀನುತ್ತಿರುವ ಅಳಿಯ. ಸೆರಗು ಸರಿಮಾಡಿಕೊಂಡು ಒಳಗೆ ನಡೆದರು.

"ಹೂಂ ಕಣಮ್ಮ, ನಾನೇ. ನನಗೆ ಒಂದಕ್ಷರ ಬರಲ್ಲ. ಎ ಅಂದ್ರೆ ಏಣಿ ಥರ ಇರುತ್ತಲ್ಲ, ಅದೇನಾ?"

ಮೇಡಂ ಮುಖ ಕರಗಿತು. ಸತ್ತ ಅಜ್ಜಿಗಿಂತ ಬದುಕಿರುವ ಅತ್ತೆ ಎಷ್ಟೋ ಮೇಲು. "ಹಾಗಾದ್ರೆ ಇವತ್ತೇ ಶುರುವಾಗಲಿ. ಮೇಷ್ಟ್ರೇ, ಇವರಿಗೆ ನನ್ನೆದುರಿಗೇ ಒಂದು ಪಾಠ ಮಾಡಿ. ಅದನ್ನ ನೋಡಿಕೊಂಡೇ ತೀರ್ಮಾನ."

ಅಷ್ಟು ಹೊತ್ತಿಗೆ ಸಂಜೆಯ ತರಗತಿಯವರು ಒಬ್ಬೊಬ್ಬರೇ ಬಂದು ತುಂಬಿಕೊಂಡರು. ಅತ್ತೆಗೆ ಮೊದಲ ಬೆಂಚು. ಮೇಷ್ಟ್ರು ಸೀಮೆಸುಣ್ಣ ಹಿಡಿದರು.

"ಅಮ್ಮಾ, ನಾನು ಹೇಳಿದ ಹಾಗೆ ಹೇಳಿ" ಎಂದು ಒಂದು ಪುಟ್ಟ ವಾಕ್ಯ ಹೇಳಿದರು.

ಅತ್ತೆ ತುಟಿ ಕಚ್ಚಿ ಹಾಗೇ ಹೇಳಿದರು.

ಒಂಬತ್ತು ವರ್ಷ! ಮೇಷ್ಟ್ರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇನ್ನೊಂದು ವಾಕ್ಯ ಹೇಳಿದರು. ಅತ್ತೆ ಹೇಳಿದರು. "ಇನ್ನೂ ಸ್ಪಷ್ಟವಾಗಿ." ಅತ್ತೆ ಸ್ಪಷ್ಟವಾಗಿ ಹೇಳಿದರು. "ನೆಟ್ಟಗೆ ಕೂತ್ಕೊಂಡು ಹೇಳಿ." ಅತ್ತೆ ನೆಟ್ಟಗೆ ಕೂತು ಹೇಳಿದರು. ಅಲ್ಲಿಗೆ ನಿಲ್ಲಿಸಿದ್ದರೆ ಮೇಷ್ಟ್ರು ಗೆದ್ದಿದ್ದರು. ಆದರೆ ಸುಖ ತಲೆಗೇರಿದ ಮನುಷ್ಯ ನಿಲ್ಲುತ್ತಾನೆಯೇ? ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಒಂದು ವಾಕ್ಯ ಬರೆದರು. ಅಷ್ಟು ಉದ್ದದ ಇಂಗ್ಲಿಷ್ ವಾಕ್ಯವನ್ನು ಅವರು ಹಿಂದೆಂದೂ ಬರೆದಿರಲಿಲ್ಲ.

ಅತ್ತೆ ಹಲಗೆ ನೋಡಿದರು. ಕಣ್ಣು ಮುಚ್ಚಿಕೊಂಡರು. ತೆರೆದರು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಬೆವರಿದರು. ಕೆರೆತ ತಡೆದುಕೊಳ್ಳುವವರಂತೆ ಅತ್ತಿತ್ತ ಆಡಿದರು. ಕೊನೆಗೆ ಸ್ಪ್ರಿಂಗಿನಂತೆ ಎದ್ದು ಹೋಗಿ, ಅಳಿಯನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, ಆ ವಾಕ್ಯದಲ್ಲಿ ನಾಲ್ಕು ಕಡೆ ಗೆರೆ ಎಳೆದು, ಕೆಳಗೆ ಮುತ್ತು ಪೋಣಿಸಿದಂತೆ ಸರಿಯಾಗಿ ಬರೆದರು. ಕೆಳಗೊಂದು ಗೆರೆಯನ್ನೂ ಎಳೆದರು. ಆಮೇಲೆ ತಾವು ಏನು ಮಾಡಿದೆವೆಂದು ತಿಳಿದು ಅಲ್ಲೇ ನಿಂತರು.

ಕ್ಷೌರಿಕ ಮೆಲ್ಲಗೆ ಎದ್ದ. "ಮೇಷ್ಟ್ರೇ, ಅಜ್ಜಿಗೆ ಹತ್ತು ನಿಮಿಷದಲ್ಲಿ ಇಷ್ಟು ಕಲಿಸಿದ್ರಿ. ನಮಗೆ ಇಷ್ಟು ವರ್ಷದಿಂದ ಯಾಕೆ ಕಲಿಸಿಲ್ಲ?"

ಮೇಡಂ ನಗಲಿಲ್ಲ. "ಅಮ್ಮಾ, ಏನಿದು ನಾಟಕ?"

ಅತ್ತೆ ಟೈಪಿಸ್ಟ್ ಕೆಲಸದಿಂದ ಹಿಡಿದು ಪೋಸ್ಟರಿನವರೆಗೆ ಎಲ್ಲ ಹೇಳಿದರು. ಮೇಷ್ಟ್ರು ನೆಲ ಬಾಯಿ ಬಿಡಬಾರದೇ ಎಂದು ಕಾದರು. ಕೆಳಗಿನ ಇಸ್ತ್ರಿಯ ಹಬೆ ಮಾತ್ರ ಬಂತು.

"ಇಷ್ಟು ಬಲ್ಲವರು ನೀವೇ ಯಾಕೆ ಕಲಿಸಬಾರದು?" ಎಂದರು ಮೇಡಂ.

"ಕಲಿಸ್ತೀನಿ."

"ಕಾರಣ?"

"ಸಂಜೆ ಆದ್ರೆ ಅಳಿಯಂದ್ರು ಮನೆ ಬಿಟ್ಟು ಹೋಗ್ತಾರೆ. ಆಮೇಲೆ ನಾನು ಯಾರನ್ನ ತಿದ್ದಲಿ ಹೇಳಿ?"

ಮೇಡಂ ಫೈಲು ಮುಚ್ಚಿದರು. "ಇವತ್ತು ನಾನು ಕೇಳಿದ ಮೊದಲನೇ ನಿಜವಾದ ಕಾರಣ ಇದು. ತರಗತಿ ನಿಮ್ಮದು."

ಉಚ್ಚಾರಣೆ ಸಾರ್ ತುಟಿಯನ್ನು ಹೇಗಿಟ್ಟುಕೊಳ್ಳಬೇಕೆಂದೇ ಮರೆತು ಹೊರಗೆ ಹೋದರು. ಮೇಷ್ಟ್ರು ಟೇಬಲಿನ ಮೇಲಿದ್ದ ತಮ್ಮ ಪೆನ್ನು, ಡಸ್ಟರು ಎತ್ತಿಕೊಂಡು, ಯಾವುದು ತಮ್ಮದು ಯಾವುದು ಕೇಂದ್ರದ್ದು ಎಂದು ತಿಳಿಯದೆ ನಿಂತರು. ಆಯಾ ಒಬ್ಬಳು, "ನಮ್ಮ ಮೇಷ್ಟ್ರನ್ನ ಕಳಿಸಬೇಡಿ ಮೇಡಂ, ಪಾಪದವರು" ಎಂದಳು.

ಅತ್ತೆ ಅಳಿಯನ ಮುಖ ನೋಡಿದರು. ಅಲ್ಲಿ ಕಂಡದ್ದು ಅವರಿಗೆ ಹಿಡಿಸಲಿಲ್ಲ.

"ಇವರೂ ಇರಲಿ ಮೇಡಂ" ಎಂದರು. "ಮನೇಲಿ ಒಬ್ರೇ ಕೂತ್ಕೊಂಡು ಏನು ಮಾಡ್ತಾರೆ? ಸಹಾಯಕ್ಕೆ ಬೇಕು."

"ಏನು ಸಹಾಯ?"

"ಜನಕ್ಕೆ ಮೊದಮೊದಲು ಬಾಯಿ ಬಿಡೋಕೆ ನಾಚಿಕೆ. ನಾನು ಹೇಳಿದ್ದನ್ನ ಮೊದಲು ಇವರು ಹೇಳಲಿ. ಕೇಳಿ ಉಳಿದವರು ಹೇಳಲಿ."

ಮೇಡಂ ಒಪ್ಪಿ ಸಹಿ ಹಾಕಿದರು. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಸ್ವಲ್ಪ ಹೊತ್ತು ಎಲ್ಲಿ ನಿಲ್ಲಬೇಕೆಂದು ನೋಡಿ, ಕೊನೆಗೆ ಮೊದಲ ಬೆಂಚಿನ ಪಕ್ಕಕ್ಕೆ ಹೋಗಿ ನಿಂತರು.

ಅತ್ತೆ ಹಲಗೆ ಒರೆಸಿ, ತಿರುಗಿ, ಒಂದು ವಾಕ್ಯ ಹೇಳಿದರು. ಮೂವತ್ತು ಮುಖಗಳು ಮೇಷ್ಟ್ರ ಕಡೆ ತಿರುಗಿದವು. ಮೇಷ್ಟ್ರು ಅದನ್ನೇ ಹೇಳಿದರು.

"ಇನ್ನೂ ಸ್ಪಷ್ಟವಾಗಿ, ಅಳಿಯಂದ್ರೇ" ಎಂದರು ಅತ್ತೆ. "ನೆಟ್ಟಗೆ ನಿಂತ್ಕೊಂಡು ಹೇಳಿ."