ನಾಲಿಗೆ ಮೇಲಿನ ಮಚ್ಚೆ ಕಿತ್ತ ಯಂತ್ರ

“ನೋಡಿ ಶಶಿಕಲಮ್ಮ, ದನಗಳ ಮೈಯೊಳಗೆ ಇರಬಾರದ ಕಡೆ ಕೂತಿರೋ ಬಣ್ಣಾನ ಮೂವತ್ತು ವರ್ಷ ನೋಡಿ ನೋಡಿ ಮಾಡಿರೋ ಯಂತ್ರ ಇದು,” ಎಂದರು ಪಕ್ಕದ ಮನೆಯ ಡಾಕ್ಟರ್ ಸದ್ಯೋಜಾತಪ್ಪ. ದನದ ಡಾಕ್ಟರಾಗಿ ನಿವೃತ್ತರಾದವರು. ಯಂತ್ರವೆಂದರೆ ಹಳೆಯ ಮಿಕ್ಸಿಗೆ ಸಿಕ್ಕಿಸಿದ ಹೇರ್ ಡ್ರೈಯರಿನ ಮೂತಿ. ಅದನ್ನು ತಮ್ಮ ಹಸುವಿನ ನಾಲಿಗೆಗೆ ಹಿಡಿದು ಗುಂಡಿ ಒತ್ತಿದರು. ನಾಲಿಗೆಯ ಮೇಲಿದ್ದ ಕರಿ ಮಚ್ಚೆ ಮಾಯವಾಯಿತು. ಪಕ್ಕದಲ್ಲಿ ಕಟ್ಟಿದ್ದ ಕರುವಿನ ನಾಲಿಗೆ ಮಾತ್ರ ನೇರಳೆಹಣ್ಣು ತಿಂದ ಹಾಗೆ ಕಂಡಿತು.

“ಕರುಗೆ ಇದು ಮೊದ್ಲೇ ಇತ್ತಾ ಡಾಕ್ಟ್ರೇ?”

“ಇದ್ದಿರಬೇಕು ಬಿಡಿ.”

ಬಿಟ್ಟೆ. ನನಗೆ ಆತುರವಿತ್ತು. ನನ್ನ ನಾಲಿಗೆಯ ಮೇಲೂ ಹುಟ್ಟಿನಿಂದ ಒಂದು ಮಚ್ಚೆ. ಅಂಥವರು ನುಡಿದ ಕೆಟ್ಟದ್ದು ಆಗಿಯೇ ತೀರುತ್ತದೆಂದು ನಮ್ಮವರ ನಂಬಿಕೆ. ಮಗಳ ಮದುವೆಯಲ್ಲಿ ಬೀಗಿತ್ತಿ ಚಂದ್ರಕಲಮ್ಮನಿಗೆ, “ಬಚ್ಚಲಲ್ಲಿ ಪಾಚಿ ಇದೆ, ಜಾರಿಬಿಟ್ಟೀರಿ” ಎಂದಿದ್ದೆ. ಜಾರಿದರು. ಪಾಚಿಯನ್ನು ಯಾರೂ ಬೈಯಲಿಲ್ಲ. ಈಗ ಮರುದಿನವೇ ನಮ್ಮ ಮನೆಯಲ್ಲಿ ಮೊಮ್ಮಗನ ನಾಮಕರಣ. ಬೀಗಿತ್ತಿ ಮಗಳ ಕೈಲಿ ಹೇಳಿಸಿದ್ದರು: “ತೊಟ್ಟಿಲ ಹಾಡು ಬೇರೆ ಯಾರಾದ್ರೂ ಹೇಳ್ಲಿ. ನಿಮ್ಮಮ್ಮ ಬಾಯಿ ತೆಗೆಯೋದು ಬೇಡ.” ಮನೆ ನನ್ನದು, ಮೊಮ್ಮಗ ನನ್ನವನು.

“ಅದು ಬರೀ ಮೆಲನಿನ್ ಕಣ್ರೀ,” ಎಂದು ಡಾಕ್ಟರು ನಕ್ಕರು. “ಬಣ್ಣಕ್ಕೆ ಭವಿಷ್ಯ ಹೇಳೋಕೆ ಬರುತ್ತಾ? ಎಲ್ಲಾ ಮೂಢನಂಬಿಕೆ.”

“ನಂಗೂ ಗೊತ್ತು. ಬೀಗಿತ್ತಿಗೆ ಗೊತ್ತಿಲ್ವಲ್ಲ. ನಾಳೆ ಅವರು ಬಂದಾಗ್ಲೇ ಕಿತ್ತಾಕಿ.”

ಮರುದಿನ ನೆಂಟರೆಲ್ಲ ಹಜಾರದಲ್ಲಿ ಕೂತಿರುವಾಗ ನಾನು ಅಡುಗೆಮನೆಯಲ್ಲಿ ಡಾಕ್ಟರ ಮುಂದೆ ನಾಲಿಗೆ ಚಾಚಿದೆ. ಯಂತ್ರ ಗುಂಯ್ ಎಂದಿತು. ಸ್ಟೀಲ್ ತಟ್ಟೆಯಲ್ಲಿ ನೋಡಿಕೊಂಡೆ. ಮಚ್ಚೆ ಇರಲಿಲ್ಲ. ಕಣ್ಣಲ್ಲಿ ನೀರು ಬಂತು.

“ಸಾಕು, ನಿಲ್ಲಿಸಿ ಡಾಕ್ಟ್ರೇ.”

“ಗುಂಡಿ ಕೈಗೇ ಬಂತಲ್ರೀ.”

ನಾನು ಪ್ಲಗ್ ಕೀಳುವಷ್ಟರಲ್ಲಿ ಹಜಾರದಲ್ಲಿ ಗಲಾಟೆ ಎದ್ದಿತ್ತು. ಅಳಿಯನ ನಾಲಿಗೆಯ ಮೇಲೆ ಮೆಣಸಿನ ಕಾಳಿನಷ್ಟು ಮಚ್ಚೆ. ಅವನ ಅಕ್ಕನಿಗೂ ಒಂದು. ಪೂಜೆಗೆ ಬಂದ ಅಯ್ನೋರಿಗೆ ಎರಡು.

“ನಾಲಿಗೆ ಬಣ್ಣ ಇನ್ನೊಂದು ನಾಲಿಗೇನೇ ಹುಡುಕ್ಕೊಂಡು ಹೋಗುತ್ತೆ ಅನ್ಸುತ್ತೆ,” ಎಂದರು ಡಾಕ್ಟರು. “ಯಂತ್ರ ನಿಲ್ಲದೆ ಓಡ್ತಲ್ಲ, ಒಂದಿದ್ದದ್ದು ನಲವತ್ತಾಗಿದೆ.”

ಚಂದ್ರಕಲಮ್ಮ ಸೆರಗು ಸಿಕ್ಕಿಸಿ ಬಂದರು. “ಏನ್ರೀ ಮಾಡಿದ್ರಿ? ನಿಮ್ ಮನೆ ಹಾ—”

ಬೀಗರು ಓಡಿಬಂದು ಅವರ ಬಾಯಿ ಮುಚ್ಚಿದರು. “ಸುಮ್ನಿರೇ, ಮೊಮ್ಮಗ ಈ ಮನೇಲೇ ಇದಾನೆ. ನಿನ್ ನಾಲಿಗೇಲೂ ಇದೆ ಕಣೇ.” ಇಷ್ಟು ಹೇಳಿದ ಮೇಲೆ ತಮ್ಮದೂ ನೆನಪಾಗಿ, ಇನ್ನೊಂದು ಕೈಯಿಂದ ತಮ್ಮ ಬಾಯನ್ನೂ ಮುಚ್ಚಿಕೊಂಡರು.

ಮನೆ ಗಪ್‌ಚುಪ್. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ತೊಟ್ಟಿಲಿನಿಂದ ಮಾರು ದೂರ ಹೋಗಿ ನಿಂತಳು. ಅಯ್ನೋರು ಗಡಿಯಾರ ತೋರಿಸಿದರು, ಮುಹೂರ್ತ ಮೀರುತ್ತಿತ್ತು.

“ನೀವೇ ಹೇಳಿಬಿಡಿ ಡಾಕ್ಟ್ರೇ, ಬರೀ ಮೆಲನಿನ್ ಅಲ್ವಾ?” ಎಂದೆ. ಡಾಕ್ಟರು ತುಟಿ ಬಿಗಿದುಕೊಂಡು ಒಲ್ಲೆನೆಂದು ತಲೆ ಅಲ್ಲಾಡಿಸಿದರು. ಅವರ ನಾಲಿಗೆಗೂ ಹತ್ತಿತ್ತು.

ಕೊನೆಗೆ ಚಂದ್ರಕಲಮ್ಮನೇ ನನ್ನ ಕೈ ಹಿಡಿದು ತೊಟ್ಟಿಲ ಬಳಿ ಕೂರಿಸಿ, ಮೂಕಸನ್ನೆಯಲ್ಲಿ ಕೈ ಮುಗಿದರು. ಹೆಸರು ಹೇಳಿದೆ. ಹಾಡೂ ಹೇಳಿದೆ, ಒಂದು ನುಡಿ ಬಿಡದೆ. ನನ್ನ ರಾಗ ಅಷ್ಟಕ್ಕಷ್ಟೆ, ಶ್ರುತಿಯಂತೂ ಕೇಳಲೇಬೇಡಿ. ಹಾಗೆಂದು ಹೇಳಲು ಒಬ್ಬರೂ ಬಾಯಿ ಬಿಡಲಿಲ್ಲ.