ಕ್ಯಾಸ್ಕೋಡಿನ ಕೊಂಬು ಮುರಿದ ತಂತ್ರಾಂಶಕ್ಕೆ

ಮಾನ್ಯ ಕಾಗುಣಿತ ಪರಿಶೋಧಕ ತಂತ್ರಾಂಶದವರೇ,

ಇಂದು ಮಾರ್ಚ್ ಒಂಬತ್ತು. ನಮ್ಮ ಕಾಲೇಜಿನ ಕಂಪ್ಯೂಟರುಗಳಲ್ಲಿ, ಯಾರೂ ಕೇಳದಿದ್ದರೂ, ಭಾಷಾಸೇವೆಗೈಯುತ್ತಿರುವ ತಮಗೆ ವಿನಯಪೂರ್ವಕ ವಂದನೆಗಳು. ನಮ್ಮ ವಿಭಾಗದ ಹೊಸ ಪಠ್ಯಪುಸ್ತಕಕ್ಕೆ ವಿದ್ಯಾರ್ಥಿನಿಯಾದ ನಾನು ಬರೆದ ಆಂಪ್ಲಿಫೈಯರ್ ಅಧ್ಯಾಯದಲ್ಲಿ ‘ಕ್ಯಾಸ್ಕೋಡ್’ ಎಂದಿದ್ದಲ್ಲೆಲ್ಲ ತಾವು ‘ಸ್ಕೋ’ ಅಕ್ಷರದ ಕೊಂಬು ಕಿತ್ತು ‘ಕ್ಯಾಸ್ಕೇಡ್’ ಎಂದು ತಿದ್ದಿರುವುದನ್ನು ಹಿಂತೆಗೆದುಕೊಳ್ಳಬೇಕೆಂದು ಕೋರುವುದೇ ಈ ಬಹಿರಂಗ ಪತ್ರದ ಉದ್ದೇಶ.

ತರಗತಿಗೆ ಮೊದಲಿಗಳಾದ ನನಗೂ ತಿಳಿಯದ ಸಂಗತಿಗಳು ತಮ್ಮ ತಿದ್ದುಪಡಿಯಿಂದ ತಿಳಿದವು. ‘ಕ್ಯಾಸ್ಕೋಡನ್ನು ಕ್ಯಾಸ್ಕೇಡ್ ಎಂದು ತಿಳಿಯುವುದು ತಪ್ಪು’ ಎಂದು ನಾನು ಬರೆದಿದ್ದೆ. ‘ಕ್ಯಾಸ್ಕೇಡನ್ನು ಕ್ಯಾಸ್ಕೇಡ್ ಎಂದು ತಿಳಿಯುವುದು ತಪ್ಪು’ ಎಂದು ತಾವು ಅದನ್ನು ವೇದಾಂತದ ಮಟ್ಟಕ್ಕೇರಿಸಿದಿರಿ.

ತಮ್ಮ ಅಮೂಲ್ಯ ಸಮಯ ಹಾಳುಮಾಡಿ ಅರಿಕೆ ಮಾಡುವುದೇನೆಂದರೆ, ಕ್ಯಾಸ್ಕೇಡ್ ಎಂಬುದು ಒಂದು ಹಂತದ ಔಟ್‌ಪುಟ್ಟನ್ನು ಮುಂದಿನ ಹಂತಕ್ಕೆ ದಾಟಿಸುವ ಯಾವುದೇ ಸಾಲು. ಕ್ಯಾಸ್ಕೋಡ್ ಅದರಲ್ಲಿ ಎರಡು ಟ್ರಾನ್ಸಿಸ್ಟರುಗಳ ಒಂದು ವಿಶೇಷ ಜೋಡಿ. ಕೆಳಗಿನ ಟ್ರಾನ್ಸಿಸ್ಟರ್ ತನ್ನ ಪಾಡಿಗೆ ದುಡಿಯುತ್ತಿದ್ದರೆ, ಔಟ್‌ಪುಟ್ಟಿನ ಏರಿಳಿತ ಅದಕ್ಕೆ ತಟ್ಟದಂತೆ ಮೇಲಿನದು, ಅತ್ತೆಯ ಕೂಗಾಟ ಸೊಸೆಗೆ ಮುಟ್ಟದಂತೆ ಬಾಗಿಲಿಗಡ್ಡ ಪೇಪರ್ ಬಿಡಿಸಿ ನಿಂತ ಮಾವನ ಹಾಗೆ, ನಡುವೆ ನಿಲ್ಲುತ್ತದೆ. ಟ್ರಾನ್ಸಿಸ್ಟರಿಗೂ ಹಿಂದಿನ ಗಾಜಿನ ವಾಲ್ವುಗಳ ಕಾಲದಲ್ಲಿ, ಟ್ರಯೋಡ್ ಎಂಬ ಸರಳ ವಾಲ್ವು ಎರಡನ್ನು ಹೀಗೆ ಕ್ಯಾಸ್ಕೇಡ್ ಮಾಡಿ ಪೆಂಟೋಡ್ ಎಂಬ ದೊಡ್ಡ ವಾಲ್ವಿನ ಕೆಲಸ ತೆಗೆದವರು, ಕ್ಯಾಸ್ಕೇಡಿನ ತಲೆಗೆ ಪೆಂಟೋಡಿನ ‘ಓಡ್’ ಎಂಬ ಬಾಲ ಹೊಲಿದು ಈ ಹೆಸರು ಕಟ್ಟಿದರು. ತಾವು ಆ ಬಾಲವನ್ನು ಒಂದೇ ಏಟಿಗೆ ಕತ್ತರಿಸಿದಿರಿ.

ಪುಸ್ತಕದ ಸಂಪಾದಕರೂ ಆದ ನಮ್ಮ ವಿಭಾಗದ ಮುಖ್ಯಸ್ಥರಲ್ಲಿ ದೂರಿಕೊಂಡಾಗ ಅವರು ತಲೆಯೆತ್ತದೆ, “ಒಂದು ಕೊಂಬು ತಾನೇ ಹೋಗಿರೋದು, ಬಿಡಮ್ಮ. ಮೆಷಿನ್ನಿಗಿಂತ ನಿಂಗೆ ಜಾಸ್ತಿ ಗೊತ್ತಾ?” ಎಂದರು. ಮನೆಯಲ್ಲಿ ಅಕ್ಕ, “ಅದೆಲ್ಲೂ ಹೋಗಿಲ್ಲ ಕಣೇ, ನಿನ್ನ ತಲೆ ಮೇಲೆ ಬಂದು ಕೂತಿದೆ” ಎಂದಳು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಪ್ರಯೋಗಾಲಯಕ್ಕೆ ಖುದ್ದಾಗಿ ದಯಮಾಡಿಸಿ, ಬೆಸುಗೆ ಕಡ್ಡಿ ಹಿಡಿದು, ತಮ್ಮ ಕಾಗುಣಿತದ ಪ್ರಕಾರ ಒಂದು ಆಂಪ್ಲಿಫೈಯರ್ ಕಟ್ಟಿ ತೋರಿಸಬೇಕು. ಅದು ಅನಾನುಕೂಲವಾದಲ್ಲಿ, ಮುಂದಿನ ವರ್ಷ ಈ ಅಧ್ಯಾಯವನ್ನೇ ನಂಬಿ ಪರೀಕ್ಷೆಗೆ ಕೂರುವ ಕಿರಿಯರ ಪರವಾಗಿ ತಾವೇ ಫೇಲಾಗಬೇಕು.

ಕಾಗುಣಿತವೊಂದುಳಿದು ಮಿಕ್ಕೆಲ್ಲದರಲ್ಲೂ
ತಮ್ಮ ವಿಶ್ವಾಸಿ,
ಸದರಿ ಅಧ್ಯಾಯದ ಲೇಖಕಿ

ವಿ.ಸೂ.: ತಮಗೆ ಶ್ರಮವಾಗದಿರಲೆಂದು ಇದನ್ನು ಕೈಯಲ್ಲೇ ಬರೆದಿದ್ದೇನೆ. ತಮ್ಮ ತಿದ್ದುಪಡಿಗಳಿರುವ ಕರಡನ್ನು ಮುಖ್ಯಸ್ಥರು ಈಗಷ್ಟೇ ಕಳುಹಿಸಿ, ಸಂಜೆಯೊಳಗೆ ಒಪ್ಪಿ ಸಹಿ ಹಾಕದಿದ್ದರೆ ಅಧ್ಯಾಯವನ್ನೂ ನನ್ನ ಹೆಸರನ್ನೂ ಪುಸ್ತಕದಿಂದ ಕೈಬಿಡುವುದಾಗಿ ತಿಳಿಸಿದ್ದಾರೆ. ನಾನು ಸಹಿ ಹಾಕುವುದಿಲ್ಲ.