ರವೂಫನ ಚಿನ್ನದಂಥ ಗಿರಾಕಿಗಳು

ಕೈರೋದ ಒಂದು ಜಾಹೀರಾತು ಕಂಪನಿಯಲ್ಲಿ ರವೂಫ್ ಏಳು ಜನರ ತಂಡಕ್ಕೆ ಮುಖ್ಯಸ್ಥ. ಫೋನಿನಲ್ಲಿ ಬರುವ ಜಾಹೀರಾತನ್ನು ಯಾರು ಒತ್ತುತ್ತಾರೆ, ಯಾರು ಬೈದುಕೊಂಡು ಮುಚ್ಚುತ್ತಾರೆ ಎಂದು ಕಂಪ್ಯೂಟರಿಗೆ ಕಲಿಸಿ, ಅದರಿಂದ ಭವಿಷ್ಯ ನುಡಿಸುವುದು ಅವನ ಘನಕಾರ್ಯ. ಊರೆಲ್ಲ 'ಎಂಜಿನಿಯರ್ ಸಾಹೇಬ್ರೇ' ಎನ್ನುತ್ತಿತ್ತು. ಹೆಂಡತಿ ನಶ್ವಾಳಿಗೆ ಮಾತ್ರ ಈ ಘನತೆ ತಲೆಗೆ ಹತ್ತಿರಲಿಲ್ಲ.

"ಜನ ಏನ್ ಮಾಡ್ತಾರೆ ಅಂತ ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತೆ ಕಣೇ."

"ಹೌದೇನ್ರೀ? ನಾನೀಗ ಏನ್ ಮಾಡ್ತೀನಿ, ಹೇಳಿ ನೋಡೋಣ."

"ಏನ್ ಮಾಡ್ತೀಯ?"

"ಕಸದ ಬುಟ್ಟಿ ನಿಮ್ಮ ಕೈಗೆ ಕೊಡ್ತೀನಿ."

(ಕೊಟ್ಟಳು.)

ನಿಜ ಹೇಳಬೇಕೆಂದರೆ, ಮೂರು ತಿಂಗಳಿಂದ ಅವನ ಊಹೆಗಳೆಲ್ಲ ತಲೆಕೆಳಗಾಗುತ್ತಿದ್ದವು. ರಂಜಾನ್ ಎಂದರೆ ಜಾಹೀರಾತಿನ ಸುಗ್ಗಿ. ಅದು ಶುರುವಾಗುವುದರೊಳಗೆ ಸರಿಹೋಗದಿದ್ದರೆ ತಂಡವನ್ನು ಬೇರೆಯವರ ಕೈಗೆ ಕೊಡುವುದಾಗಿ ಮೇಲಧಿಕಾರಿ ಮದಾಮ್ ಸೌಸನ್ ಖಡಾಖಂಡಿತ ಹೇಳಿಬಿಟ್ಟಿದ್ದರು. ರವೂಫ್ ಅದೇ ಊರಿನ ಶುಬ್ರಾ ಬಡಾವಣೆಯ ಒಂದು ಬೀದಿಯನ್ನು ಕೊನೆಯ ಪರೀಕ್ಷೆಗೆ ಆರಿಸಿಕೊಂಡ. (ಹೆಂಡತಿಯ ತವರು, ಅಲ್ಲಿನವರ ನಾಡಿ ತನಗೆ ಗೊತ್ತೆಂಬ ಧೈರ್ಯ.)

ಪವಾಡವೇ ನಡೆಯಿತು. ಆ ಬೀದಿಯವರು ಕಳಿಸಿದ್ದನ್ನೆಲ್ಲ ಒತ್ತತೊಡಗಿದರು. ಕಂಪ್ಯೂಟರೂ ಬೇಗ ಕಲಿತು, ನೂರಕ್ಕೆ ತೊಂಬತ್ತೇಳು ಊಹೆ ಸರಿಯಾಯಿತು.

ತಂಡದ ಲಮ್ಯಾ ಮೆಲ್ಲಗೆ ಅಂದಳು: "ಸಾರ್, ಟ್ರಾಕ್ಟರ್ ಟೈರು, ಗಡ್ಡದ ಬ್ಲೇಡು, ಮಗುವಿನ ತೊಟ್ಟಿಲು, ಮೂರನ್ನೂ ಒಬ್ಬರೇ ಒತ್ತೋದು ಅಂದ್ರೆ ಸ್ವಲ್ಪ..."

"ವಿಶಾಲವಾದ ಅಭಿರುಚಿಯಮ್ಮಾ," ಎಂದ ರವೂಫ್.

ಮದಾಮ್ ಸೌಸನ್ ಹಿರಿಹಿರಿ ಹಿಗ್ಗಿದರು. "ಎಲ್ಲರಿಗಿಂತ ಹೆಚ್ಚು ಒತ್ತಿದವರನ್ನ ಇಲ್ಲಿಗೇ ಕರೆಸಿ, ಮಾತಾಡ್ಸೋಣ." ಆಹ್ವಾನವನ್ನೂ ಜಾಹೀರಾತಿನಂತೆಯೇ ಕಳಿಸಿದರು. ಅರ್ಧ ನಿಮಿಷದಲ್ಲಿ ಅದನ್ನೂ ಒತ್ತಿಯಾಗಿತ್ತು.

ಗುರುವಾರ ಬೆಳಿಗ್ಗೆ ಕರಿ ಅಬಾಯಾ ತೊಟ್ಟು, ಕೈಯಲ್ಲೊಂದು ಬಸ್ಬೂಸಾ ಮಿಠಾಯಿಯ ಡಬ್ಬಿ ಹಿಡಿದು ಒಳಬಂದವರು ಹಜ್ ಯಾತ್ರೆ ಮುಗಿಸಿ 'ಹಾಜ್ಜಾ' ಎನಿಸಿಕೊಂಡಿದ್ದ ಹಾಜ್ಜಾ ಅತಿಯಾತ್, ಅಂದರೆ ನಶ್ವಾಳನ್ನು ಹೆತ್ತ ಮಹಾತಾಯಿ.

"ಅತ್ತೇ! ನೀವಾ?"

"ನಾನೇ ಕಣಪ್ಪಾ. ಯಾಕೆ, ಬರಬಾರದಿತ್ತಾ?"

ಮದಾಮ್ ಕುರ್ಚಿ ಎಳೆದು ಕೊಟ್ಟರು. "ಅಮ್ಮಾ, ಆ ಟ್ರಾಕ್ಟರ್ ಟೈರಲ್ಲಿ ನಿಮಗೇನು ಹಿಡಿಸ್ತು?"

"ಅಯ್ಯೋ, ಟೈರು ಯಾರಿಗೆ ಬೇಕು ತಾಯಿ! 'ಅಮ್ಮಾ, ಅವರ ಊಹೆ ಒಂದೂ ಸರಿಬರ್ತಿಲ್ಲ, ಕೆಲಸ ಹೋಗುತ್ತೆ, ಈಗ ನಿಮ್ಮ ಬೀದಿಗೇ ಜಾಹೀರಾತು ಕಳಿಸ್ತಾರಂತೆ' ಅಂತ ನಶ್ವಾ ಗೊಳೋ ಅಂತ ಅತ್ಲು. ಅದಕ್ಕೇ ನಾನು, ನಮ್ಮ ನಾಲ್ಕು ಜನ ತಂಗಿಯರು, ಅವರ ಮಕ್ಕಳು, ಅಕ್ಕಪಕ್ಕದ ಮನೆಯವರು, ಎಲ್ಲಾ ಬೆಳಿಗ್ಗೆ ಚಹಾ ಕುಡಿದು ಒತ್ತೋಕೆ ಕೂತ್ಕೋತೀವಿ. ನೋಡು, ಹೆಬ್ಬೆರಳು ಹೆಂಗೆ ಊದ್ಕೊಂಡಿದೆ!"

ಮದಾಮ್ ಸೌಸನ್ ಹೆಬ್ಬೆರಳನ್ನು ನೋಡಿದರು, ರವೂಫನನ್ನು ನೋಡಿದರು. "ಕಂಪ್ಯೂಟರು ಸರಿಯಾಗೇ ಕಲಿತಿದೆ ಎಂಜಿನಿಯರ್ ಸಾಹೇಬ್ರೇ," ಎಂದರು. "ನಿಮ್ಮ ಅತ್ತೆ ಮನೆಯವರನ್ನ."

ಮಧ್ಯಾಹ್ನದ ಹೊತ್ತಿಗೆ ತಂಡ ಲಮ್ಯಾಳ ಪಾಲಾಯಿತು. ಅತ್ತೆಯನ್ನು ಶುಬ್ರಾಕ್ಕೆ ಬಿಡಲು ರವೂಫ್ ಕಾರಿನಲ್ಲಿ ಹೊರಟ. ಅವಮಾನಕ್ಕೆ ಕಣ್ಣು ತುಂಬಿತ್ತು. ಹಾಜ್ಜಾ ಅತಿಯಾತ್ ಮರುಗಿ ಅವನ ಬೆನ್ನು ಸವರಿದರು.

"ಬೇಜಾರ್ ಮಾಡ್ಕೋಬೇಡ ಕಣಪ್ಪಾ. ನಾವು ಒತ್ತಿದ್ದು ಸಾಲಲಿಲ್ಲ ಅಂತ ಕಾಣುತ್ತೆ. ನಾಳೆಯಿಂದ ಎಲ್ರೂ ಎರಡೆರಡು ಸಲ ಒತ್ತುತ್ತೀವಿ."